ರೆಪ್ಪೆಯ ಗಂಟನ್ನು ಅಲಕ್ಷಿಸಬೇಡಿ
(ಖಾನಾಪುರ ತಾಲೂಕಿನ ರೈತರ ತರಬೇತಿ ಶಿಬಿರದಲ್ಲಿ ಬೆಳಗಾವಿಯ ನೇತ್ರತಜ್ಞರೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗಿಂತ ಮೊದಲು ಮಾತನಾಡಿದವರು ಭತ್ತದ ಬೆಂಕಿ ರೋಗದ ವಿಷಯವನ್ನು ಚೆನ್ನಾಗಿ ತಿಳಿಸಿಕೊಟ್ಟರು. ಎಲೆಯ ಮೇಲೆ ಚುಕ್ಕೆ ಕಂಡಾಗಲೇ ಎಚ್ಚೆತ್ತರೆ ಬೆಳೆ ಉಳಿಯುತ್ತದೆ, ತೆನೆಯ ಕುತ್ತಿಗೆಗೆ ರೋಗ ಬಂದ ಮೇಲೆ ಔಷಧಿ ಸಿಂಪಡಿಸಿ ಪ್ರಯೋಜನವಿಲ್ಲ ಎಂದರು. ನಾನು ಹೇಳಬೇಕೆಂದು ಬಂದ ಮಾತೂ ಬಹುಮಟ್ಟಿಗೆ ಇದೇ. ಆದರೆ ನನ್ನ ಮಾತು ಗದ್ದೆಯ ಕುರಿತದ್ದಲ್ಲ, ನಿಮ್ಮ ಕಣ್ಣಿನ ಕುರಿತದ್ದು. ಕಣ್ಣಿನ ರೆಪ್ಪೆಗೆ ಹಾಗೂ ಕಣ್ಣಿನ ಸುತ್ತಲಿನ ಚರ್ಮಕ್ಕೆ ಬರುವ ಕ್ಯಾನ್ಸರ್ ಅಥವಾ ಅರ್ಬುದ ರೋಗವನ್ನು ಗುರುತಿಸುವುದು ಹೇಗೆ, ಅದಕ್ಕೆ ಚಿಕಿತ್ಸೆ ಏನು ಎಂಬುದನ್ನು ಇಂದು ವಿವರಿಸುತ್ತೇನೆ.

ಕಣ್ಣು ಎಂದೊಡನೆ ನಮ್ಮ ಜನರಿಗೆ ನೆನಪಾಗುವುದು ಮೋತಿಬಿಂದು. ಶಿಬಿರಕ್ಕೆ ಬಂದವರು ಅದನ್ನೇ ಕೇಳುತ್ತಾರೆ. ರೆಪ್ಪೆಯ ಮೇಲೊಂದು ಗಂಟಿದ್ದರೆ ಅದನ್ನು ತಾವಾಗಿ ತೋರಿಸುವವರು ಅಪರೂಪ. "ಇದೇನ್ರಿ ಅಜ್ಜಾರ?" ಎಂದು ನಾವು ಕೇಳಿದರೆ, "ಅದು ಇರೂದ ಐತ್ರಿ ಸಾಹೇಬ್ರ, ನೋವಿಲ್ಲ, ಏನಿಲ್ಲ" ಎನ್ನುತ್ತಾರೆ. ಅಪಾಯವಿರುವುದು ಈ "ನೋವಿಲ್ಲ" ಎಂಬ ಮಾತಿನಲ್ಲಿಯೇ. ಸಾಧಾರಣ ಕಣ್ಣುಕುರು ನೋಯುತ್ತದೆ, ಕೆಂಪಾಗುತ್ತದೆ, ಕೀವು ತುಂಬಿ ಒಡೆಯುತ್ತದೆ, ಎಂಟು-ಹತ್ತು ದಿನಗಳಲ್ಲಿ ಮಾಯುತ್ತದೆ. ಕ್ಯಾನ್ಸರ್ ಗಂಟು ಮೊದಮೊದಲು ನೋಯುವುದಿಲ್ಲ. ಅದಕ್ಕೆ ಅವಸರವೂ ಇಲ್ಲ. ಅದು ಸದ್ದಿಲ್ಲದೆ ಬೆಳೆಯುತ್ತದೆ.

ಒಬ್ಬ ರೈತರ ಕಥೆ

ಕೆಲವು ವರ್ಷಗಳ ಹಿಂದೆ ಈ ತಾಲೂಕಿನ ಕಾಡಂಚಿನ ಹಳ್ಳಿಯಿಂದ ಸುಮಾರು ಅರವತ್ತು ವಯಸ್ಸಿನ ರೈತರೊಬ್ಬರು ನನ್ನ ಬಳಿ ಬಂದರು. ಎಡಗಣ್ಣಿನ ಮೇಲಿನ ರೆಪ್ಪೆಯಲ್ಲಿ ತೊಗರಿಕಾಳಿನಷ್ಟು ಗಂಟು. ಬಣ್ಣ ತುಸು ಹಳದಿ. ಗಂಟಿದ್ದ ಕಡೆ ನಾಲ್ಕಾರು ರೆಪ್ಪೆಗೂದಲು ಉದುರಿದ್ದವು. ಅದೇ ಜಾಗದ ಗಂಟನ್ನು ಎರಡು ಸಲ ಬೇರೆ ಕಡೆ ಕೆರೆದು ತೆಗೆಸಿದ್ದರಂತೆ. ತೆಗೆದ ಚೂರನ್ನು ಪರೀಕ್ಷೆಗೆ ಕಳಿಸಿದ್ದರೋ ಎಂದು ಕೇಳಿದೆ. "ಅರಿವಿಗೆ ಒರೆಸಿ ಒಗದ್ರರಿ" ಎಂದರು.

"ಒಂದು ಚೂರು ತೆಗೆದು ಪರೀಕ್ಷೆ ಮಾಡಬೇಕು" ಎಂದೆ. ಅದು ಭತ್ತದ ಕೊಯ್ಲಿನ ಹೊತ್ತು. "ಸುಗ್ಗಿ ಮುಗೀಲಿ, ಬರ್ತೀನ್ರಿ" ಎಂದು ಹೊರಟರು. ನಾನು ತಡೆಯಲಿಲ್ಲ. ಕ್ಯಾನ್ಸರ್ ಎಂಬ ಮಾತು ಕೇಳಿ ಹೆದರಿಯಾರು ಎಂದು ಆ ಮಾತನ್ನೇ ಆಡಲಿಲ್ಲ. ಸುಗ್ಗಿ ಮುಗಿಯಿತು. ಕಬ್ಬಿನ ಕಟಾವು ಬಂತು. ಮನೆಯಲ್ಲಿ ಮದುವೆ ಬಂತು. ಅವರು ಮರಳಿ ಬಂದದ್ದು ಯುಗಾದಿ ಕಳೆದ ಮೇಲೆ. ಅಷ್ಟರಲ್ಲಿ ಗಂಟು ರೆಪ್ಪೆಯನ್ನು ದಾಟಿ ಕಣ್ಣಿನ ಗೂಡಿಗೆ ಇಳಿದಿತ್ತು. ಕಿವಿಯ ಮುಂದೆ ಇನ್ನೊಂದು ಗಂಟು ಎದ್ದಿತ್ತು. ಜೀವ ಉಳಿಸಲು ಕಣ್ಣನ್ನು ಅದರ ಗೂಡಿನ ಸಮೇತ ತೆಗೆಯಬೇಕಾಯಿತು. ಇಂದಿಗೂ ಅವರು ಇದ್ದಾರೆ, ಹೊಲಕ್ಕೂ ಹೋಗುತ್ತಾರೆ. ಆದರೆ ಉಳಿಯಬಹುದಾಗಿದ್ದ ಒಂದು ಕಣ್ಣು ಹೋಯಿತು. ಅದರಲ್ಲಿ ನನ್ನ ಪಾಲಿನ ತಪ್ಪೂ ಇದೆ. ಅಂದಿನಿಂದ ಸಂಶಯವಿದ್ದರೆ ರೋಗದ ಹೆಸರನ್ನು ಬಾಯಿಬಿಟ್ಟು ಹೇಳುತ್ತೇನೆ. ಇಂದು ನಿಮ್ಮ ಮುಂದೆ ನಿಂತಿರುವುದೂ ಅದಕ್ಕಾಗಿಯೇ.

ಮೂರು ಬಗೆಯ ಕ್ಯಾನ್ಸರ್

ಕಣ್ಣಿನ ಸುತ್ತ ಸಾಮಾನ್ಯವಾಗಿ ಕಂಡುಬರುವ ಕ್ಯಾನ್ಸರುಗಳು ಮೂರು.

ಮೊದಲನೆಯದು ಚರ್ಮದ ತಳಪದರದ ಜೀವಕೋಶಗಳಿಂದ ಹುಟ್ಟುವ ಕ್ಯಾನ್ಸರ್. ರೆಪ್ಪೆ ಮತ್ತು ಮುಖವನ್ನು ಹಿಡಿಯುವ ಈ ವಿಚಿತ್ರ ಹುಣ್ಣನ್ನು 1827ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ವೈದ್ಯ ಆರ್ಥರ್ ಜೇಕಬ್ ಮೊದಲು ವಿವರಿಸಿದರು. ಇಲಿ ಕಡಿದಂತೆ ನಿಧಾನವಾಗಿ ಮಾಂಸವನ್ನು ತಿನ್ನುತ್ತ ಹೋಗುವುದರಿಂದ ಇದಕ್ಕೆ ಇಲಿಹುಣ್ಣು ಎಂಬ ಅರ್ಥದ ಹೆಸರೂ ಬಂದಿದೆ. ಇದು ಹೆಚ್ಚಾಗಿ ಕೆಳರೆಪ್ಪೆಯಲ್ಲಿ, ಅದು ಬಿಟ್ಟರೆ ಮೂಗಿನ ಪಕ್ಕದ ಕಣ್ಣಿನ ಮೂಲೆಯಲ್ಲಿ ಕಾಣುತ್ತದೆ. ಅಂಚು ಮುತ್ತಿನಂತೆ ಹೊಳೆಯುತ್ತದೆ, ನಡುವೆ ತಗ್ಗಾದ ಹುಣ್ಣು ಇರುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಇದು ಅನೇಕ ವೇಳೆ ಕಪ್ಪಾಗಿದ್ದು, ನೋಡಿದವರು ಮಚ್ಚೆ ಎಂದು ತಿಳಿಯುತ್ತಾರೆ. ಇದು ದೇಹದ ಬೇರೆ ಭಾಗಗಳಿಗೆ ಹರಡುವುದು ತೀರ ಅಪರೂಪ. ಆದರೆ ಗೆದ್ದಲು ತೊಲೆಯನ್ನು ಒಳಗೊಳಗೇ ತಿಂದಂತೆ ಇದ್ದಲ್ಲಿಯೇ ಆಳಕ್ಕೆ ಇಳಿಯುತ್ತದೆ.

ಎರಡನೆಯದು ರೆಪ್ಪೆಯೊಳಗಿನ ಜಿಡ್ಡಿನ ಗ್ರಂಥಿಗಳ ಕ್ಯಾನ್ಸರ್. ಕಣ್ಣೀರು ಬೇಗ ಆರದಂತೆ ಎಣ್ಣೆಯನ್ನು ಒದಗಿಸುವ ಸಣ್ಣ ಗ್ರಂಥಿಗಳು ನಮ್ಮ ರೆಪ್ಪೆಗಳ ಒಳಗೆ ಸಾಲಾಗಿ ಇವೆ. ಮೇಲಿನ ರೆಪ್ಪೆಯಲ್ಲಿ ಇವುಗಳ ಸಂಖ್ಯೆ ಹೆಚ್ಚು. ಆದ್ದರಿಂದ ಈ ಕ್ಯಾನ್ಸರ್ ಬರುವುದೂ ಮೇಲಿನ ರೆಪ್ಪೆಯಲ್ಲಿಯೇ ಹೆಚ್ಚು. ಪಾಶ್ಚಾತ್ಯ ದೇಶಗಳಲ್ಲಿ ಇದು ಅಪರೂಪ, ನಮ್ಮ ದೇಶದಲ್ಲಿ ಹಾಗಲ್ಲ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯವರು 536 ರೆಪ್ಪೆ ಕ್ಯಾನ್ಸರ್ ರೋಗಿಗಳ ವಿವರವನ್ನು 2019ರಲ್ಲಿ ಪ್ರಕಟಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇದ್ದದ್ದು ಈ ಗ್ರಂಥಿಯ ಕ್ಯಾನ್ಸರ್. ಇಲಿಹುಣ್ಣು ಇದ್ದವರು ಸುಮಾರು ಕಾಲುಭಾಗ.

ಮೂವರಲ್ಲಿ ದೊಡ್ಡ ಮೋಸಗಾರ ಇದೇ. ಕೆಲವೊಮ್ಮೆ ಸಾಧಾರಣ ಗಂಟಿನ ವೇಷದಲ್ಲಿ ಬರುತ್ತದೆ. ಕೆಲವೊಮ್ಮೆ ಗಂಟೇ ಇಲ್ಲದೆ, ಒಂದೇ ಕಣ್ಣು ತಿಂಗಳುಗಟ್ಟಲೆ ಕೆಂಪಾಗಿ, ರೆಪ್ಪೆಯ ಅಂಚು ದಪ್ಪವಾಗಿ, ಸಾಧಾರಣ ಉರಿಯೂತದಂತೆ ತೋರುತ್ತದೆ. ಹೊಲದಲ್ಲಿ ಕರಿಕೆಯನ್ನು ನೀವು ಬಲ್ಲಿರಿ. ಒಂದು ಕಡೆ ಕಿತ್ತರೆ ನೆಲದೊಳಗೆ ಹರಿದು ಮಾರುದೂರದಲ್ಲಿ ಏಳುತ್ತದೆ. ಈ ಕ್ಯಾನ್ಸರಿನ ಸ್ವಭಾವವೂ ಹಾಗೆ. ಮೇಲೆ ಏನೂ ಕಾಣದಿದ್ದರೂ ರೆಪ್ಪೆಯ ಒಳಪದರದ ಗುಂಟ ಹರಿದು ಬೇರೊಂದು ಜಾಗದಲ್ಲಿ ತಲೆ ಎತ್ತಬಹುದು. ಕಿವಿಯ ಮುಂದಿನ ಮತ್ತು ದವಡೆಯ ಕೆಳಗಿನ ಹಾಲುಗ್ರಂಥಿಗಳಿಗೂ ಹಬ್ಬಬಹುದು.

ಮೂರನೆಯದು ಚರ್ಮದ ಮೇಲ್ಪದರದ ಕ್ಯಾನ್ಸರ್. ಇದು ಒರಟಾಗಿ, ಹೆಕ್ಕಳೆ ಕಟ್ಟಿದಂತೆ, ಕೆಲವೊಮ್ಮೆ ಹೂಕೋಸಿನಂತೆ ಬೆಳೆಯುತ್ತದೆ. ಮುಟ್ಟಿದರೆ ರಕ್ತ ಒಸರುತ್ತದೆ. ಬಹುಕಾಲದ ಬಿಸಿಲು ಮತ್ತು ಹಳೆಯ ಸುಟ್ಟ ಕಲೆಗಳು ಇದಕ್ಕೆ ಎಡೆಮಾಡಿಕೊಡುತ್ತವೆ.

ಗುರುತು ಹಿಡಿಯುವ ಬಗೆ

ಕೆಳಗಿನ ಲಕ್ಷಣಗಳಲ್ಲಿ ಒಂದಿದ್ದರೂ ನೇತ್ರವೈದ್ಯರಿಗೆ ತೋರಿಸಬೇಕು.

1. ರೆಪ್ಪೆಯ ಅಥವಾ ಕಣ್ಣಿನ ಮೂಲೆಯ ಗಂಟು, ಹುಣ್ಣು ಒಂದು ತಿಂಗಳಾದರೂ ಮಾಯದಿರುವುದು.
2. ತೆಗೆಸಿದ ಗಂಟು ಅದೇ ಜಾಗದಲ್ಲಿ ಮತ್ತೆ ಬರುವುದು.
3. ಗಂಟಿದ್ದ ಕಡೆ ರೆಪ್ಪೆಗೂದಲು ಉದುರುವುದು.
4. ಆಗಾಗ ರಕ್ತ ಒಸರಿ, ಹೆಕ್ಕಳೆ ಕಟ್ಟಿ, ಮತ್ತೆ ಒಡೆಯುವುದು.
5. ಒಂದೇ ಕಣ್ಣು ಬಹುಕಾಲ ಕೆಂಪಾಗಿದ್ದು ಹನಿ ಔಷಧಿಗೆ ಬಗ್ಗದಿರುವುದು.
6. ಹಳೆಯ ಮಚ್ಚೆ ದೊಡ್ಡದಾಗುವುದು, ಅದರ ಬಣ್ಣ ಇಲ್ಲವೆ ಆಕಾರ ಬದಲಾಗುವುದು.
7. ಕಿವಿಯ ಮುಂದೆ ಅಥವಾ ದವಡೆಯ ಕೆಳಗೆ ನೋವಿಲ್ಲದ ಗಂಟು ಕೈಗೆ ತಗಲುವುದು.

ರೆಪ್ಪೆಗೂದಲು ಉದುರುವುದು ಮುಖ್ಯವಾದ ಸುಳಿವು. ಸಾಧಾರಣ ಗಂಟು ಕೂದಲಿನ ಬೇರನ್ನು ಸಾಮಾನ್ಯವಾಗಿ ಕೆಡಿಸುವುದಿಲ್ಲ, ಕ್ಯಾನ್ಸರ್ ಕೆಡಿಸುತ್ತದೆ.

ಗಂಟು ಎಷ್ಟು ಹಳೆಯದು ಎಂದು ಕೇಳಿದರೆ ಹಲವರಿಗೆ ಹೇಳಲು ಬರುವುದಿಲ್ಲ. ಅದಕ್ಕೊಂದು ಸುಲಭ ಉಪಾಯವಿದೆ. ಮಗನ ಮದುವೆಯ ಫೋಟೋ, ಪಡಿತರ ಅಥವಾ ಆಧಾರ್ ಚೀಟಿಯ ಫೋಟೋ ತೆಗೆದು ಈಗಿನ ಮುಖಕ್ಕೆ ಹೋಲಿಸಿ ನೋಡಿರಿ. ಈಗ ಮನೆಮನೆಯಲ್ಲಿ ಮೊಬೈಲ್ ಇದೆ. ಸಂಶಯ ಬಂದ ದಿನವೇ ಹತ್ತಿರದಿಂದ ಒಂದು ಚಿತ್ರ ತೆಗೆದಿಟ್ಟುಕೊಳ್ಳಿರಿ. ವೈದ್ಯರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ತಡಮಾಡಿದರೆ ಏನಾಗುತ್ತದೆ? ಗ್ರಂಥಿಯ ಕ್ಯಾನ್ಸರಿನ 104 ಪ್ರಕರಣಗಳನ್ನು ಅಭ್ಯಸಿಸಿದ ಅಮೆರಿಕದ ವಿಜ್ಞಾನಿಗಳು 1982ರಲ್ಲಿ ಕೆಲವು ಕೆಟ್ಟ ಲಕ್ಷಣಗಳನ್ನು ಗುರುತಿಸಿದರು. ಗಂಟು ಹತ್ತು ಮಿಲಿಮೀಟರಿಗಿಂತ ದೊಡ್ಡದಾಗಿರುವುದು ಅವುಗಳಲ್ಲಿ ಒಂದು. ಆರು ತಿಂಗಳಿಗಿಂತ ಹಳೆಯದಾಗಿರುವುದು ಇನ್ನೊಂದು. ಹತ್ತು ಮಿಲಿಮೀಟರ್ ಎಂದರೆ ದಪ್ಪ ಕಡಲೆಕಾಳಿಗಿಂತ ತುಸು ದೊಡ್ಡದು. ಆರು ತಿಂಗಳು ಎಂದರೆ ನಾಟಿಯಿಂದ ಸುಗ್ಗಿ ಮುಗಿಯುವವರೆಗಿನ ಕಾಲ. ಈ ಎರಡು ಅಳತೆಗಳನ್ನು ನೆನಪಿಡಿರಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ವೈದ್ಯರು ಮೊದಲು ಗಂಟನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿ ಅಳೆಯುತ್ತಾರೆ. ರೆಪ್ಪೆಯನ್ನು ಮಗುಚಿ ಒಳಭಾಗವನ್ನೂ ಪರೀಕ್ಷಿಸುತ್ತಾರೆ. ಕಿವಿಯ ಮುಂದೆ, ಕತ್ತಿನಲ್ಲಿ ಕೈಯಾಡಿಸಿ ಗಂಟುಗಳಿವೆಯೇ ಎಂದು ನೋಡುತ್ತಾರೆ. ಆದರೆ ಬರಿಗಣ್ಣಿನಿಂದ ಎಷ್ಟೇ ಅನುಭವಿಯಾದರೂ ಖಚಿತವಾಗಿ ಹೇಳಲಾಗದು. ನಿರ್ಣಯ ಸಿಗುವುದು ಬಯಾಪ್ಸಿಯಿಂದ. ಜಾಗವನ್ನು ಮರಗಟ್ಟಿಸಿ, ಗಂಟಿನ ಒಂದು ಚೂರನ್ನು ತೆಗೆದು, ಫಾರ್ಮಲಿನ್ ದ್ರಾವಣದಲ್ಲಿ ಹಾಕಿ ರೋಗಪರೀಕ್ಷಕರಿಗೆ ಕಳಿಸುತ್ತಾರೆ. ಗ್ರಂಥಿಯ ಕ್ಯಾನ್ಸರಿನ ಸಂಶಯವಿದ್ದರೆ ರೆಪ್ಪೆಯ ಒಳಪದರದ ಹಲವು ಕಡೆಗಳಿಂದ ಸಣ್ಣ ಸಣ್ಣ ಚೂರು ತೆಗೆಯುತ್ತಾರೆ. ಮಣ್ಣು ಪರೀಕ್ಷೆಗೆ ಹೊಲದ ನಾಲ್ಕಾರು ಕಡೆಯ ಮಣ್ಣು ತೆಗೆಯುವಂತೆಯೇ ಇದು. ರೋಗ ಎಲ್ಲಿಯವರೆಗೆ ಹರಿದಿದೆ ಎಂಬುದು ಇದರಿಂದ ತಿಳಿಯುತ್ತದೆ.

"ಚಾಕು ತಗಲಿದರೆ ಕ್ಯಾನ್ಸರ್ ಹರಡುತ್ತದೆ" ಎಂಬ ಭಯ ಹಳ್ಳಿಗಳಲ್ಲಿ ಬಹಳ. ಇದು ನಿಜವಲ್ಲ. ಚೂರು ತೆಗೆದದ್ದರಿಂದ ರೋಗ ಹರಡುವುದಿಲ್ಲ. ಪರೀಕ್ಷೆ ಮಾಡದೆ ಬಿಟ್ಟದ್ದರಿಂದ ಹರಡುತ್ತದೆ. ಯಾರೇ ಆಗಲಿ ರೆಪ್ಪೆಯ ಗಂಟನ್ನು ತೆಗೆಸಿಕೊಂಡಾಗ, ಅದರಲ್ಲೂ ವಯಸ್ಸಾದವರಾಗಿದ್ದು ಗಂಟು ಎರಡನೆಯ ಸಲ ಬಂದಿದ್ದಾಗ, "ಇದನ್ನು ಪರೀಕ್ಷೆಗೆ ಕಳಿಸುತ್ತೀರಾ?" ಎಂದು ಕೇಳಲು ಸಂಕೋಚಪಡಬೇಡಿರಿ. ಕೇಳುವುದು ನಿಮ್ಮ ಹಕ್ಕು. ವರದಿಯ ಕಾಗದವನ್ನು ಪಹಣಿ ಪತ್ರದಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿರಿ.

ರೋಗ ಆಳಕ್ಕೆ ಇಳಿದಿದೆ ಎಂಬ ಸಂಶಯವಿದ್ದರೆ ಸಿ.ಟಿ. ಇಲ್ಲವೆ ಎಂ.ಆರ್.ಐ. ಚಿತ್ರ ತೆಗೆಯುತ್ತಾರೆ.

ಚಿಕಿತ್ಸೆ

ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. ಕಸವನ್ನು ಮೇಲೆ ಸವರಿದರೆ ಸಾಲದು, ಬೇರುಸಹಿತ ಕೀಳಬೇಕು. ಹಾಗೆಯೇ ಗಂಟಿನ ಜೊತೆಗೆ ಅದರ ಸುತ್ತಲಿನ ಆರೋಗ್ಯವಂತ ಚರ್ಮವನ್ನೂ ತುಸು ತೆಗೆಯಬೇಕಾಗುತ್ತದೆ. ಇಲಿಹುಣ್ಣಿಗೆ ಸುಮಾರು 3-4 ಮಿಲಿಮೀಟರ್, ಗ್ರಂಥಿಯ ಕ್ಯಾನ್ಸರಿಗೆ 5-6 ಮಿಲಿಮೀಟರ್ ಅಂಚು ಬಿಟ್ಟು ಕತ್ತರಿಸುವುದು ವಾಡಿಕೆ. ತೆಗೆದ ಭಾಗದ ಅಂಚುಗಳಲ್ಲಿ ರೋಗ ಉಳಿದಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಸೌಕರ್ಯವಿದ್ದ ಕಡೆ, ರೋಗಿ ಮೇಜಿನ ಮೇಲಿರುವಾಗಲೇ ಅಂಚನ್ನು ಹೆಪ್ಪುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗ ಉಳಿದಿದ್ದರೆ ಆ ಕಡೆ ಮಾತ್ರ ಇನ್ನಷ್ಟು ತೆಗೆಯುತ್ತಾರೆ. ಹೀಗೆ ಪದರ ಪದರವಾಗಿ ತೆಗೆದು ನೋಡುವ ವಿಧಾನವನ್ನು 1930ರ ದಶಕದಲ್ಲಿ ರೂಪಿಸಿದವರು ಅಮೆರಿಕದ ವೈದ್ಯ ಫ್ರೆಡರಿಕ್ ಮೋಹ್ಸ್. ಕಣ್ಣಿನ ಬಳಿ ಒಂದೊಂದು ಮಿಲಿಮೀಟರ್ ಚರ್ಮವೂ ಅಮೂಲ್ಯವಾದದ್ದು. ಹೀಗಾಗಿ ಈ ವಿಧಾನ ಇಲ್ಲಿ ವಿಶೇಷವಾಗಿ ಉಪಯುಕ್ತ.

ರೆಪ್ಪೆಯನ್ನು ಕತ್ತರಿಸಿದ ಮೇಲೆ ಕಣ್ಣು ಮುಚ್ಚುವುದು ಹೇಗೆ ಎಂದು ನೀವು ಕೇಳಬಹುದು. ರೆಪ್ಪೆಯ ಕಾಲುಭಾಗದಷ್ಟು ಹೋಗಿದ್ದರೆ ಉಳಿದ ಎರಡು ಅಂಚುಗಳನ್ನು ನೇರವಾಗಿ ಕೂಡಿಸಿ ಹೊಲಿಯಬಹುದು. ವಯಸ್ಸಾದವರ ಚರ್ಮ ಸಡಿಲವಾಗಿರುವುದರಿಂದ ಮೂರನೆಯ ಒಂದು ಭಾಗ ಹೋಗಿದ್ದರೂ ನಡೆಯುತ್ತದೆ. ಅದಕ್ಕಿಂತ ಹೆಚ್ಚು ಹೋಗಿದ್ದರೆ ಕೆನ್ನೆಯ ಚರ್ಮವನ್ನು ಸರಿಸಿ, ಇಲ್ಲವೆ ಎದುರು ರೆಪ್ಪೆಯ ಭಾಗವನ್ನು ಎರವಲು ಪಡೆದು ಹೊಸ ರೆಪ್ಪೆಯನ್ನು ಕಟ್ಟುತ್ತಾರೆ. ಇದರ ಕೆಲವು ವಿಧಾನಗಳಲ್ಲಿ ಕಣ್ಣನ್ನು ಹಲವು ವಾರ ಮುಚ್ಚಿಯೇ ಇಟ್ಟು, ಆಮೇಲೆ ಬಿಡಿಸುತ್ತಾರೆ. ಆ ಅವಧಿಯಲ್ಲಿ ತಾಳ್ಮೆ ಬೇಕು. ಗಂಟು ಚಿಕ್ಕದಿದ್ದಾಗ ಬಂದವರಿಗೆ ಈ ತೊಂದರೆಯೇ ಇಲ್ಲ. ಮೊದಲು ಹೇಳಿದ ರೈತರು ಮರಳಿ ಬಂದ ವರ್ಷವೇ ಅವರ ಪಕ್ಕದ ಊರಿನ ತಾಯಿಯೊಬ್ಬರು ಕೆಳರೆಪ್ಪೆಯಲ್ಲಿ ಜೋಳದ ಕಾಳಿನಷ್ಟು ಕಪ್ಪು ಗಂಟಿದ್ದಾಗಲೇ ಬಂದರು. ಆ ಅಜ್ಜನ ಮುಖ ನೋಡಿ ಹೆದರಿ ಬಂದೆ ಎಂದರು. ಅವರದು ಇಲಿಹುಣ್ಣು. ಒಂದು ತಾಸಿನ ಶಸ್ತ್ರಕ್ರಿಯೆ, ಕೆಲವು ಹೊಲಿಗೆ. ಈಗ ಹುಡುಕಿದರೂ ಕಲೆ ಸಿಗುವುದು ಕಷ್ಟ.

ಶಸ್ತ್ರಕ್ರಿಯೆಯನ್ನು ತಾಳಲಾರದವರಿಗೆ ಅಥವಾ ರೋಗ ಹಾಲುಗ್ರಂಥಿಗಳಿಗೆ ಹಬ್ಬಿದವರಿಗೆ ವಿಕಿರಣ ಚಿಕಿತ್ಸೆ ಮತ್ತು ಔಷಧಿಗಳ ನೆರವು ಪಡೆಯುತ್ತಾರೆ. ತೀರ ಮುಂದುವರಿದ ಇಲಿಹುಣ್ಣಿಗೆ 2012ರಿಂದೀಚೆಗೆ ನುಂಗುವ ಗುಳಿಗೆಗಳೂ ಬಂದಿವೆ. ಆದರೆ ಅವು ಶಸ್ತ್ರಕ್ರಿಯೆಗೆ ಬದಲಿಯಲ್ಲ, ಬೆಲೆಯೂ ಹೆಚ್ಚು. ಚಿಕಿತ್ಸೆ ಮುಗಿದ ಮೇಲೂ ಮೊದಲ ಎರಡು ವರ್ಷ ಮೂರು-ನಾಲ್ಕು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು. ಕರಿಕೆ ಕಿತ್ತ ಹೊಲವನ್ನು ಮತ್ತೆ ಮತ್ತೆ ನೋಡುವುದಿಲ್ಲವೇ, ಹಾಗೆ.

ಮಾಡಬಾರದ ಕೆಲಸಗಳು

ಗಂಟಿಗೆ ಎಕ್ಕೆಯ ಹಾಲು ಹಚ್ಚಬಾರದು. ಅದು ಕಣ್ಣಿನೊಳಗೆ ಇಳಿದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಕೆಟ್ಟು ದೃಷ್ಟಿಯೇ ಮಂಜಾಗುತ್ತದೆ. ಸುಣ್ಣ ಹಚ್ಚುವುದು ಇನ್ನೂ ಅಪಾಯಕರ. ಕಾಯಿಸಿ ಬರೆ ಹಾಕುವುದು, ಕುದುರೆ ಕೂದಲು ಕಟ್ಟಿ ಗಂಟು ಉದುರಿಸುವುದು, ಅಂಗಡಿಯಲ್ಲಿ ಕೇಳಿ ತಂದ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚುವುದು, ಇವೆಲ್ಲ ಮೇಲಿನ ಗುರುತನ್ನು ಅಳಿಸುತ್ತವೆ, ಒಳಗಿನ ರೋಗವನ್ನು ಅಳಿಸುವುದಿಲ್ಲ.

ಬಿಸಿಲಿನಿಂದ ರಕ್ಷಣೆ

ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದ ಕ್ಯಾನ್ಸರಿಗೆ ಒಂದು ಮುಖ್ಯ ಕಾರಣ. ಕಂದು ಬಣ್ಣದ ಚರ್ಮ ಸಾಕಷ್ಟು ರಕ್ಷಣೆ ಕೊಡುತ್ತದೆಯಾದರೂ ಪೂರ್ಣ ರಕ್ಷಣೆ ಕೊಡುವುದಿಲ್ಲ. ನಮ್ಮ ಬಿಳಿ ಟೋಪಿ ತಲೆಯನ್ನು ಕಾಯುತ್ತದೆ, ಕಣ್ಣಿಗೆ ನೆರಳು ಕೊಡುವುದಿಲ್ಲ. ಪಟಗ ಸುತ್ತಿದವರೂ ಅದನ್ನು ಹುಬ್ಬಿನವರೆಗೆ ಇಳಿಸಿಕೊಳ್ಳುವುದು ಒಳ್ಳೆಯದು. ಸುತ್ತಲೂ ಅಗಲ ಅಂಚಿರುವ ಟೋಪಿ ಇನ್ನೂ ಮೇಲು. ತಾಯಂದಿರು ಸೆರಗನ್ನು ಮುಂದೆ ಎಳೆದುಕೊಳ್ಳಲಿ. ಸಾಧ್ಯವಿದ್ದಷ್ಟು ಮಟ್ಟಿಗೆ ನಡುಮಧ್ಯಾಹ್ನದ ಎರಡು-ಮೂರು ತಾಸು ನೆರಳಿನ ಕೆಲಸ ಇಟ್ಟುಕೊಳ್ಳಿರಿ. ಗ್ರಂಥಿಯ ಕ್ಯಾನ್ಸರಿಗೆ ಮಾತ್ರ ಬಿಸಿಲೇ ಕಾರಣವೆನ್ನಲಾಗದು. ಅದಕ್ಕೆ ಬೇಗ ಗುರುತಿಸುವುದೊಂದೇ ಮದ್ದು.

ಮಕ್ಕಳ ವಿಷಯದಲ್ಲಿ ಒಂದು ಮಾತು. ಕೆಲವು ಮಕ್ಕಳ ಚರ್ಮಕ್ಕೆ ಬಿಸಿಲಿನ ಹಾನಿಯನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಇರುವುದಿಲ್ಲ. ಅಂಥ ಮಕ್ಕಳಿಗೆ ಬಿಸಿಲು ಕಂಡರೆ ಕಣ್ಣು ಬಿಡಲಾಗದು. ಮುಖದ ತುಂಬ ಎಳ್ಳು ಚೆಲ್ಲಿದಂತೆ ಚುಕ್ಕೆಗಳು ಏಳುತ್ತವೆ. ಹತ್ತು ವರ್ಷದೊಳಗೇ ರೆಪ್ಪೆಗೆ, ಕಣ್ಣಿಗೆ ಕ್ಯಾನ್ಸರ್ ಬರಬಹುದು. ಈ ದೋಷ ತಂದೆ-ತಾಯಿ ಇಬ್ಬರಿಂದಲೂ ಬಂದು ಕೂಡಿದಾಗ ಮಾತ್ರ ರೋಗ ಕಾಣುತ್ತದೆ. ಆದ್ದರಿಂದ ಸೋದರಿಕೆಯಲ್ಲಿ ಮದುವೆಯಾದ ಮನೆಗಳಲ್ಲಿ ಇದರ ಸಂಭವ ಹೆಚ್ಚು. ಇಂಥ ಮಗುವನ್ನು ದೇವರ ಶಾಪವೆಂದು ಮೂಲೆಗೆ ಹಾಕಬೇಡಿರಿ. ಬಿಸಿಲಿನಿಂದ ಕಾಪಾಡಿ, ಮೂರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸುತ್ತಿದ್ದರೆ ಅದು ಬೆಳೆದು ಬಾಳುವ ಅವಕಾಶ ಹೆಚ್ಚುತ್ತದೆ.

ದನಕರುಗಳಲ್ಲಿ

ಎತ್ತಿನ ಕೋಡಿನ ಕ್ಯಾನ್ಸರ್ ನಿಮಗೆ ಗೊತ್ತು. ಕಣ್ಣಿನ ಕ್ಯಾನ್ಸರ್ ಕೂಡ ದನಗಳಿಗೆ ಬರುತ್ತದೆ. ಕಣ್ಣಿನ ಸುತ್ತ ಕಪ್ಪು ಬಣ್ಣವಿಲ್ಲದ, ಮುಖ ಬೆಳ್ಳಗಿರುವ ದನಗಳಲ್ಲಿ ಇದು ಹೆಚ್ಚು. ಬಿಳಿ ಮುಖದ ಮಿಶ್ರತಳಿ ಹಸು ಸಾಕಿದವರು ಕರೆಯುವ ಹೊತ್ತಿಗೆ ಅದರ ಕಣ್ಣನ್ನೂ ನೋಡಿರಿ. ಒಳಮೂಲೆಯ ಮೂರನೆಯ ರೆಪ್ಪೆಯ ಮೇಲೆ ಗುಲಾಬಿ ಬಣ್ಣದ ಸಣ್ಣ ಮಾಂಸದ ಬೆಳೆ ಕಂಡರೆ ತಡಮಾಡದೆ ಪಶುವೈದ್ಯರಿಗೆ ತಿಳಿಸಿರಿ. ಆಗಲೇ ತೆಗೆದರೆ ಹಸುವಿನ ಕಣ್ಣು ಉಳಿಯುತ್ತದೆ.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಖಾನಾಪುರದ ತಾಲೂಕು ಆಸ್ಪತ್ರೆಗೆ ಹೋಗಿರಿ. ಅಲ್ಲಿಂದ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿರಿ. ಕ್ಯಾನ್ಸರ್ ಎಂದು ತಿಳಿದ ಮೇಲೆ ಹಿಂದೆಲ್ಲ ಬಹುಮಂದಿ ಹುಬ್ಬಳ್ಳಿಗೆ ಇಲ್ಲವೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾಗುತ್ತಿತ್ತು. 2025ರ ಜನವರಿಯಲ್ಲಿ ಬೆಳಗಾವಿಯಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಉದ್ಘಾಟಿಸಿದರು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ. ಸರಕಾರಿ ಆಸ್ಪತ್ರೆಯ ಶಿಫಾರಸು ಚೀಟಿ, ಪಡಿತರ ಚೀಟಿ ಮತ್ತು ಆಧಾರ್ ಇವು ಮೂರನ್ನೂ ಜೊತೆಗೆ ಒಯ್ಯಿರಿ. ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ನೆರವು ದೊರೆಯುತ್ತದೆ ಎಂಬುದನ್ನು ಶಿಫಾರಸು ಬರೆಸುವಾಗಲೇ ಕೇಳಿ ತಿಳಿಯಿರಿ.

ವಿಸ್ತರಣಾ ಕಾರ್ಯಕರ್ತರಲ್ಲಿ ನನ್ನದೊಂದು ವಿನಂತಿ. ನೀವು ಹೊಲಕ್ಕೆ ಹೋದಾಗ ಬೆಳೆಯ ಎಲೆ ಮಗುಚಿ ನೋಡುತ್ತೀರಿ. ಬೆಳೆದವರ ಮುಖವನ್ನೂ ಒಮ್ಮೆ ನೋಡಿರಿ. ಗಂಟು ಕಂಡರೆ ಎರಡು ಪ್ರಶ್ನೆ ಕೇಳಿರಿ: "ಎಷ್ಟು ದಿನ ಆತು? ಮೊದಲೊಮ್ಮೆ ತೆಗಿಸಿದ್ರೇನು?" ಉತ್ತರ ಕೇಳಿ ಸಂಶಯ ಬಂದರೆ ಆಸ್ಪತ್ರೆಗೆ ಹೋಗುವ ದಿನವನ್ನು ಅಲ್ಲಿಯೇ ಗೊತ್ತುಮಾಡಿ ಬನ್ನಿರಿ.

ರೈತ ಬಾಂಧವರೇ, ಖಾನಾಪುರದಿಂದ ಬೆಳಗಾವಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಪರೀಕ್ಷೆಗೆ ಬೇಕಾದದ್ದು ಒಂದು ದಿನ. ಸುಗ್ಗಿ ಒಂದು ದಿನ ಕಾಯುತ್ತದೆ, ಈ ಗಂಟು ಕಾಯುವುದಿಲ್ಲ. ಇಂದು ಮನೆಗೆ ಹೋದ ಮೇಲೆ ಕನ್ನಡಿಯಲ್ಲಿ ನಿಮ್ಮ ರೆಪ್ಪೆಗಳನ್ನೂ, ಬೆಳಕಿನಲ್ಲಿ ಕೂರಿಸಿ ನಿಮ್ಮ ಹಿರಿಯರ ರೆಪ್ಪೆಗಳನ್ನೂ ಒಮ್ಮೆ ನೋಡಿರಿ. ಇಷ್ಟು ಮಾಡಿದರೆ ನಾನು ಇಲ್ಲಿಗೆ ಬಂದದ್ದು ಸಾರ್ಥಕ.